ಪಾಲಿಸಿಯ ಆ ಒಂದು ಸಾಲಿನ ಹಿಂದೆ

ಕೆ.ಆರ್. ನಗರದ ಅಕ್ಕಿ ಗಿರಣಿಯ ಮೇಲೆ ಬ್ಯಾಂಕ್ ಸಾಲವಿದ್ದರೆ ಆ ಗಿರಣಿಗೆ ಬೆಂಕಿ ವಿಮೆಯೂ ಇರುತ್ತದೆ. ಸಾಲ ಕೊಡುವವರು ಅದಿಲ್ಲದೆ ಬಿಡುವುದಿಲ್ಲ. ಹುಣಸೂರಿನ ಮರದ ಕಾರ್ಖಾನೆ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಗೋದಾಮು, ಎಚ್.ಡಿ. ಕೋಟೆಯ ಕಬಿನಿ ದಂಡೆಯ ರೆಸಾರ್ಟು, ಎಲ್ಲಕ್ಕೂ ಇದೇ ಕ್ರಮ. ಪಾಲಿಸಿ ಕೈಗೆ ಬಂದಾಗ ಮಾಲೀಕರು ಎಷ್ಟು ಮೊತ್ತಕ್ಕೆ ವಿಮೆ, ಎಷ್ಟು ಪ್ರೀಮಿಯಂ ಎಂದು ನೋಡಿ ಬೀರುವಿನಲ್ಲಿ ಇಡುತ್ತಾರೆ. ದೊಡ್ಡ ಪಾಲಿಸಿಗಳ ಪ್ರೀಮಿಯಂ ವಿವರದಲ್ಲಿ ‘ಟೆರರಿಸಂ’ ಎಂಬ ಸಾಲೊಂದು ಕಾಣಸಿಗುತ್ತದೆ. ಅದರೆದುರಿಗಿರುವುದು ಸಣ್ಣ ಹಣ. ಸಾವಿರ ರೂಪಾಯಿ ಮೌಲ್ಯಕ್ಕೆ ಪೈಸೆಗಳ ಲೆಕ್ಕ. ಪಾಲಿಸಿ ಮಾರಿದ ಕಂಪನಿ ಆ ಹಣವನ್ನು ತನ್ನಲ್ಲಿ ಉಳಿಸಿಕೊಳ್ಳದೆ ಮುಂಬೈಯ ಒಂದು ಸಾಮೂಹಿಕ ನಿಧಿಗೆ ಕಟ್ಟುತ್ತದೆ. ಅದರ ಹೆಸರು ಭಾರತೀಯ ಭಯೋತ್ಪಾದನಾ ಅಪಾಯ ವಿಮಾ ಪೂಲ್. ಇಪ್ಪತ್ತು ವರ್ಷಕ್ಕೂ ಮೀರಿ ಕೆಲಸ ಮಾಡುತ್ತಿರುವ ಈ ವ್ಯವಸ್ಥೆಯ ಪರಿಚಯ ನಮ್ಮಲ್ಲಿ ಹೆಚ್ಚಿನವರಿಗಿಲ್ಲ.

ಅದು ಹುಟ್ಟಿದ್ದು ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ಮೇಲೆ. ವಿಮಾ ಕಂಪನಿಗಳು ತಮ್ಮ ಹೊರೆಯ ಒಂದು ಭಾಗವನ್ನು ಇನ್ನೂ ದೊಡ್ಡ ಕಂಪನಿಗಳಿಗೆ ದಾಟಿಸುತ್ತವೆ. ಇದಕ್ಕೆ ಮರುವಿಮೆ ಎನ್ನುತ್ತಾರೆ. 2001ರ ಸೆಪ್ಟೆಂಬರ್ 11ರವರೆಗೆ ನಮ್ಮಲ್ಲಿ ಗಲಭೆ, ಮುಷ್ಕರಗಳ ನಷ್ಟದ ಜೊತೆಗೇ ಭಯೋತ್ಪಾದನೆಯ ನಷ್ಟವೂ ಬೆಂಕಿ ವಿಮೆಯೊಳಗೆ ಸೇರಿಹೋಗಿತ್ತು, ಬೇರೆ ಬೆಲೆ ಕಟ್ಟುವ ಗೋಜಿರಲಿಲ್ಲ. ಆ ದಿನದ ನಂತರ ಜಗತ್ತಿನ ದೊಡ್ಡ ಮರುವಿಮಾ ಕಂಪನಿಗಳು ಈ ಒಂದು ಅಪಾಯವನ್ನು ಹೊರಲಾರೆವೆಂದು ಹಿಂದೆ ಸರಿದವು. ಮಳೆ, ಪ್ರವಾಹ, ಬೆಂಕಿಗೆ ಹಳೆಯ ದಾಖಲೆಗಳಿವೆ. ನೂರು ಗಿರಣಿಗಳಲ್ಲಿ ವರ್ಷಕ್ಕೆ ಎಷ್ಟು ಸುಟ್ಟಾವು ಎಂದು ಅಂದಾಜು ಮಾಡಬಹುದು. ಎಲ್ಲಿ, ಯಾವಾಗ ಹೊಡೆಯಬೇಕೆಂದು ಯೋಚಿಸಿ ಹೊಡೆಯುವ ಮನುಷ್ಯನಿಗೆ ಅಂಥ ಲೆಕ್ಕ ಒಗ್ಗುವುದಿಲ್ಲ.

ಆಗ ದೇಶದ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಸೇರಿ 2002ರ ಏಪ್ರಿಲ್ 1ರಿಂದ ಈ ಪೂಲ್ ನಡೆಸತೊಡಗಿದವು. ನಾಟಿಯ ಕಾಲದಲ್ಲಿ ಮುಯ್ಯಾಳು ಕೂಡುವ ಹಾಗೆ: ಇಂದು ನಿನ್ನ ಗದ್ದೆಗೆ ನಾವೆಲ್ಲ, ನಾಳೆ ನನ್ನ ಗದ್ದೆಗೆ ನೀವೆಲ್ಲ. ಭಯೋತ್ಪಾದನೆಯ ಪ್ರೀಮಿಯಂ ಯಾವ ಕಂಪನಿಗೆ ಬಂದರೂ ಪೂಲ್‌ಗೆ ಸೇರುತ್ತದೆ. ಯಾವ ಕಂಪನಿಯ ಗ್ರಾಹಕರಿಗೆ ನಷ್ಟವಾದರೂ ಎಲ್ಲ ಸದಸ್ಯರು ಒಪ್ಪಿಕೊಂಡ ಪಾಲಿನಂತೆ ಭರಿಸುತ್ತಾರೆ. ಉಸ್ತುವಾರಿ ಜಿಐಸಿ, ಅಂದರೆ ಭಾರತೀಯ ಸಾಮಾನ್ಯ ವಿಮಾ ನಿಗಮದ್ದು. ಮೊದಲು ಒಂದು ಸ್ಥಳಕ್ಕೆ 200 ಕೋಟಿ ರೂಪಾಯಿಯಷ್ಟಿದ್ದ ರಕ್ಷಣೆಯ ಮಿತಿ ಏರುತ್ತಾ 2,000 ಕೋಟಿಗೆ ಮುಟ್ಟಿದೆ. 2008ರ ನವೆಂಬರ್ 26ರ ಮುಂಬೈ ದಾಳಿ ಅದಕ್ಕೆ ಬಂದ ದೊಡ್ಡ ಪರೀಕ್ಷೆ. ಹೋಟೆಲುಗಳಿಗಾದ ಹಾನಿಯ ಕ್ಲೇಮುಗಳನ್ನು ಭರಿಸಿದ್ದು ಇದೇ ಪೂಲ್.

ಸರ್ಕಾರ ಇದರಲ್ಲಿ ಎಲ್ಲಿದೆ? ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಇದೇ. ಬ್ರಿಟನ್ನಿನಲ್ಲಿ 1992ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾಲ್ಟಿಕ್ ಎಕ್ಸ್‌ಚೇಂಜ್ ಕಟ್ಟಡದ ಬಳಿ ಐರಿಷ್ ಉಗ್ರ ಸಂಘಟನೆ ಐಆರ್‌ಎ ಬಾಂಬ್ ಸಿಡಿಸಿದಾಗ ಇಂಥದೇ ಬಿಕ್ಕಟ್ಟು ಎದುರಾಗಿತ್ತು. 1993ರಲ್ಲಿ ಅಲ್ಲಿ ‘ಪೂಲ್ ರೀ’ ಸ್ಥಾಪನೆಯಾಯಿತು. ಅದರ ಹಣ ಮುಗಿದರೆ ಉಳಿದದ್ದನ್ನು ಖಜಾನೆ ಕೊಡುತ್ತದೆಂದು ಸರ್ಕಾರ ಬರೆದುಕೊಟ್ಟಿತು. ಅಮೆರಿಕ 2002ರ ನವೆಂಬರ್‌ನಲ್ಲಿ ಕಾನೂನನ್ನೇ ಮಾಡಿತು. ಅದರಂತೆ ಕಂಪನಿಗಳು ತಮ್ಮ ನಿಗದಿತ ಪಾಲನ್ನು ಕೊಟ್ಟ ಮೇಲೆ ಮಿಕ್ಕ ನಷ್ಟದಲ್ಲಿ ಈಗ ಶೇ 80ರಷ್ಟನ್ನು ಸರ್ಕಾರ ಹೊರಬೇಕು. ಈ ಏರ್ಪಾಡಿನ ಅವಧಿ 2027ರ ಕೊನೆಯವರೆಗಿದೆ. ದಕ್ಷಿಣ ಆಫ್ರಿಕಾದ ‘ಸಸ್ರಿಯಾ’ 1979ರಿಂದ ಇರುವ ಸರ್ಕಾರಿ ಕಂಪನಿ. 2021ರ ಜುಲೈ ಗಲಭೆಯಲ್ಲಿ ಸುಮಾರು 3,200 ಕೋಟಿ ರ‍್ಯಾಂಡ್ ಕ್ಲೇಮು ಬಿದ್ದಾಗ ಅದರ ಗಂಟು ಸಾಲಲಿಲ್ಲ, ಸರ್ಕಾರ ಹಣ ತುಂಬಿ ನಿಲ್ಲಿಸಿತು.

ನಮ್ಮ ಪೂಲ್‌ಗೆ ಅಂಥ ಲಿಖಿತ ಖಾತರಿಯಿಲ್ಲ. ಸರ್ಕಾರದ ಬೆಂಬಲ ಇರುವುದು ಒಡೆತನದ ರೂಪದಲ್ಲಿ: ಜಿಐಸಿಯಲ್ಲಿ ಕೇಂದ್ರ ಸರ್ಕಾರದ ಪಾಲು ಶೇ 80ಕ್ಕೂ ಹೆಚ್ಚು, ಪೂಲ್‌ನ ಸದಸ್ಯರಲ್ಲಿ ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ಸರ್ಕಾರಿ ಕಂಪನಿಗಳೂ ಇವೆ. ಒಡೆತನವಿದ್ದರೆ ಸಾಕು, ಕಷ್ಟಕಾಲದಲ್ಲಿ ಸರ್ಕಾರ ಸುಮ್ಮನಿರುತ್ತದೆಯೇ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದಾಳಿ ನಡೆದ ಮೇಲೆ ಮಾಡುವ ಔದಾರ್ಯಕ್ಕೂ ಮೊದಲೇ ಬರೆದಿಟ್ಟ ಮಾತಿಗೂ ಅಂತರವಿದೆ. ಬ್ರಿಟನ್ನಿನ ಖಜಾನೆ ಇಷ್ಟು ವರ್ಷಗಳಲ್ಲಿ ಪೂಲ್ ರೀಗಾಗಿ ಕೈಯಿಂದ ಹಣ ಕೊಡಬೇಕಾಗಿ ಬಂದಿಲ್ಲ. ಬರೆದುಕೊಟ್ಟ ಮಾತಿನ ಬಲದಿಂದಲೇ ಅಲ್ಲಿನ ವಿಮೆ ನಿಂತಿದೆ.

ಸರ್ಕಾರ ವಿಮೆಗೆ ಹೆಗಲು ಕೊಡುವುದು ಮೈಸೂರು ಸೀಮೆಗೆ ಹೊಸದಲ್ಲ. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ತೆರೆದ ಜೀವವಿಮಾ ಯೋಜನೆಯಲ್ಲಿದೆ. ಇನ್ನು ನಾಗರಹೊಳೆಯ ಅಂಚಿನ ಹಳ್ಳಿಗಳಲ್ಲಿ, ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ, ಆನೆ ಹೊಲಕ್ಕೆ ನುಗ್ಗಿದರೆ ರೈತ ಅರಣ್ಯ ಇಲಾಖೆಗೆ ಅರ್ಜಿ ಹಾಕುತ್ತಾನೆ. ಖಾಸಗಿ ಲೆಕ್ಕಕ್ಕೆ ಸಿಗದ, ಒಬ್ಬ ರೈತನ ತಪ್ಪೂ ಅಲ್ಲದ ನಷ್ಟವನ್ನು ಸರ್ಕಾರ ಹೊರಬೇಕೆಂದು ಈ ಊರುಗಳು ಎಂದೋ ಒಪ್ಪಿವೆ. 2026ರ ಮುಂಗಾರಿನಿಂದ ಕಾಡುಪ್ರಾಣಿ ದಾಳಿಯ ಬೆಳೆನಷ್ಟವನ್ನು ಫಸಲ್ ಬಿಮಾ ಯೋಜನೆಯ ಹೆಚ್ಚುವರಿ ರಕ್ಷಣೆಯಾಗಿ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ರೈತ 72 ಗಂಟೆಯೊಳಗೆ ಆ್ಯಪ್‌ನಲ್ಲಿ ಫೋಟೊ ಸಮೇತ ತಿಳಿಸಬೇಕು. ಅರ್ಜಿ ಹಿಡಿದು ಅಲೆಯುವ ಪರಿಹಾರ, ಹಕ್ಕಿನಿಂದ ಕೇಳುವ ವಿಮೆಯಾಗುವತ್ತ ಇದು ಒಂದು ಹೆಜ್ಜೆ.

ಭಯೋತ್ಪಾದನೆ ನಮ್ಮಿಂದ ದೂರದ್ದೆಂದು ಹೇಳುವ ಹಾಗಿಲ್ಲ. 2016ರ ಆಗಸ್ಟ್ 1ರಂದು ಮೈಸೂರಿನ ನ್ಯಾಯಾಲಯದ ಆವರಣದ ಶೌಚಾಲಯದಲ್ಲಿ ಬಾಂಬ್ ಸಿಡಿಯಿತು. ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳ ಕಕ್ಷಿದಾರರು ಓಡಾಡುವ ಜಾಗ ಅದು. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋದೊಳಗೆ ಕುಕ್ಕರ್ ಬಾಂಬ್ ಸಿಡಿದಾಗ ಆರೋಪಿ ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಸಂಗತಿ ಹೊರಬಂತು. ಆಟೋ ಓಡಿಸುವವರಿಗೆ ಇಲ್ಲಿ ತಿಳಿದಿರಬೇಕಾದ ಒಂದು ವಿಷಯವಿದೆ. ವಾಹನದ ಸ್ವಂತ ಹಾನಿಯ ವಿಮೆಯಲ್ಲಿ ಭಯೋತ್ಪಾದಕ ಕೃತ್ಯದ ನಷ್ಟವೂ ಸೇರಿದೆ. ಪೊಲೀಸರಿಗೆ ತೋರಿಸಲೆಂದು ಥರ್ಡ್ ಪಾರ್ಟಿ ಮಾತ್ರ ಮಾಡಿಸಿದವರಿಗೆ ಅದು ದಕ್ಕುವುದಿಲ್ಲ.

ಮನೆಗಳಿಗೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಬಂದಿದೆ, ಭಯೋತ್ಪಾದನೆಯ ಹಾನಿ ಅದರಲ್ಲೇ ಅಡಕ. ಐದು ಕೋಟಿ ರೂಪಾಯಿಯೊಳಗಿನ ಆಸ್ತಿಯ ಉದ್ದಿಮೆಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಇದೆ. ನವೀಕರಿಸುವಾಗ ಟೆರರಿಸಂ ಸೇರಿದೆಯೇ ಎಂದು ಏಜೆಂಟರನ್ನು ಬಾಯಿಬಿಟ್ಟು ಕೇಳಬೇಕು.

ಯಾವ ಪಾಲಿಸಿಯೂ ಇಲ್ಲದವರ ಗತಿ? ದಾಳಿಯಲ್ಲಿ ಜೀವ ಹೋದರೆ ಕೇಂದ್ರ ಗೃಹ ಸಚಿವಾಲಯದ ಯೋಜನೆಯಲ್ಲಿ ಕುಟುಂಬಕ್ಕೆ 5 ಲಕ್ಷ ರೂಪಾಯಿ ನೆರವಿದೆ. ಸುಟ್ಟ ಅಂಗಡಿಗೆ, ಒಡೆದ ಮಗ್ಗುಲು ಗೋಡೆಗೆ ಪೂಲ್ ಏನನ್ನೂ ಕೊಡದು. ಅದು ಪ್ರೀಮಿಯಂ ಕಟ್ಟಿದವರ ಹಣ. ಇಂಥವರನ್ನೂ ವಿಮೆಯೊಳಗೆ ತರಲು ಒಂದು ದಾರಿಯಿದೆ. ಬೆಳೆಸಾಲ ಕೊಡುವಾಗಲೇ ಸೊಸೈಟಿಗಳಲ್ಲಿ ಬೆಳೆವಿಮೆಯ ಕಂತು ಹಿಡಿಯುವ ಪದ್ಧತಿ ಇದೆ. ಅದೇ ಕೌಂಟರಿನಲ್ಲಿ, ಅದೇ ಸಾಲದ ಖಾತೆಗೆ ಒಂದು ಮನೆ ವಿಮೆಯನ್ನೂ ಜೋಡಿಸಿ, ಅದರ ಭಯೋತ್ಪಾದನೆಯ ಭಾಗದ ಪೈಸೆಗಳನ್ನು ಸರ್ಕಾರವೇ ಕಟ್ಟಬಹುದು.