ತಂಗಾಳಿ ಬಂತು ಅಂದ್ರೆ ದಡಕ್ಕೆ ಬನ್ನಿ

ಇಂಟರ್ನಲ್ಸ್ ಮುಗಿದ ಸಂಜೆ ಶೆಟ್ಟಿಹಳ್ಳಿ ಕಡೆ ರೂಮ್ ಮಾಡಿಕೊಂಡಿರುವ ನಮ್ಮಂಥವರ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಪ್ರಶ್ನೆ ಓಡಾಡುತ್ತೆ: ಎಲ್ಲಿಗೆ ಹೋಗೋಣ? ದೇವರಾಯನದುರ್ಗಕ್ಕೆ ಹೋಗಿ ಹೋಗಿ ಬೇಜಾರಾಗಿರುತ್ತೆ. ಆಗ ಯಾರೋ ಒಬ್ಬ "ನೀರಿರೋ ಕಡೆ ಹೋಗೋಣ ಮಗಾ, ಬಿಸಿಲು ತಡೆಯಕ್ಕಾಗ್ತಿಲ್ಲ" ಅಂತಾನೆ. ಕುಣಿಗಲ್ ಕಡೆ ಮಾರ್ಕೋನಹಳ್ಳಿ, ಗುಬ್ಬಿ ಕಡೆ ಕಡಬ ಕೆರೆ, ಊರೊಳಗೇ ಸಾಕು ಅಂದ್ರೆ ಅಮಾನಿಕೆರೆ, ಇಲ್ಲಾಂದ್ರೆ ಬೈಕ್ ಹೋದಷ್ಟು ದೂರದ ಇನ್ಯಾವುದೋ ಕೆರೆ. ಅಲ್ಲಿ ಪೆಡಲ್ ಬೋಟ್ ಸಿಕ್ಕರೆ ಪೆಡಲ್ ಬೋಟ್, ತೆಪ್ಪ ಸಿಕ್ಕರೆ ತೆಪ್ಪ. ಈ ಲೇಖನ ಅಂಥ ಪ್ಲಾನ್ ಹಾಕುವವರಿಗೆ. ಮಾರ್ಚ್‌ನಿಂದ ಮೇ ಕೊನೆವರೆಗೆ ನಮ್ಮ ಕಡೆ ಆಕಾಶ ಏನು ಮಾಡುತ್ತೆ, ನೀರಿನ ಮೇಲೆ ಕೂತವರಿಗೆ ಅದರ ಅರ್ಥವೇನು ಅಂತ ಹೇಳೋ ಪ್ರಯತ್ನ.

ಮೊದಲು ನಮ್ಮ ಪೆದ್ದುತನ ಹೇಳಿಬಿಡ್ತೀವಿ. ಕಳೆದ ಏಪ್ರಿಲ್‌ನಲ್ಲಿ ಒಂದು ಕೆರೆಗೆ (ಹೆಸರು ಬೇಡ) ನಾವು ನಾಲ್ಕು ಜನ ಹೋಗಿದ್ದೆವು. ಸಂಜೆ ನಾಲ್ಕು ಗಂಟೆ. ಫೋನಿನಲ್ಲಿ ನೋಡಿದರೆ 36 ಡಿಗ್ರಿ, ಅಲ್ಲಲ್ಲಿ ಮೋಡ, ಗಾಳಿ ಗಂಟೆಗೆ 9 ಕಿ.ಮೀ. ಆರಾಮ್ ಅಂದುಕೊಂಡು ಪೆಡಲ್ ಬೋಟ್ ಹತ್ತಿದೆವು. ನಡುಕೆರೆಗೆ ಬಂದಾಗ ಒಂದು ತಣ್ಣನೆ ಗಾಳಿ ಬೀಸಿತು ನೋಡಿ, ಏಸಿ ಹಾಕಿದ ಹಾಗೆ. ನಾಲ್ಕೂ ಜನ "ಆಹಾ" ಅಂದೆವು, ಒಬ್ಬ ಸೆಲ್ಫಿ ತೆಗೆದ. ದಡದಲ್ಲಿ ಬೋಟ್ ನೋಡಿಕೊಳ್ಳುವ ಅಣ್ಣ ಟವೆಲ್ ಬೀಸಿ ವಿಷಲ್ ಹೊಡೀತಿದ್ರು. ಅರ್ಧ ಗಂಟೆಗೆ ದುಡ್ಡು ಕೊಟ್ಟಿದ್ದೀವಿ, ಇಷ್ಟು ಬೇಗ ಯಾಕೆ ಕರೀತಾರೆ ಅಂತ ನಾವು ಕೇಳಿಸದ ಹಾಗೆ ಇದ್ದೆವು. ಎರಡು ನಿಮಿಷ ಕಳೆದಿರಬೇಕು, ಬೋಟ್ ಅಡ್ಡ ತಿರುಗಿತು. ಎಷ್ಟು ತುಳಿದರೂ ದಡ ದೂರವೇ ಹೋಗ್ತಿತ್ತು. ನಾಲ್ಕರಲ್ಲಿ ಎರಡು ಲೈಫ್ ಜಾಕೆಟ್ ಸೀಟಿನ ಕೆಳಗಿತ್ತು, ಸೆಕೆ ಅಂತ ಬಿಚ್ಚಿಟ್ಟಿದ್ದು. ಕೊನೆಗೆ ಗಾಳಿಯೇ ನಮ್ಮನ್ನು ಆ ಕಡೆ ಜೊಂಡಿನೊಳಗೆ ತಂದು ಹಾಕಿತು. ಮೊಣಕಾಲುದ್ದ ಕೆಸರಲ್ಲಿ ನಿಂತ ಮೇಲೆ ಮಳೆಯ ಮೊದಲ ಹನಿ ಬಿತ್ತು.

ಏರಿ ಮೇಲೆ ಸುತ್ತಿಕೊಂಡು ಬಂದ ಆ ಅಣ್ಣ ಬೈಯಲಿಲ್ಲ. "ಮಳೆ ಬಂದ್ಮೇಲೆ ಕರೀತೀನಿ ಅನ್ಕೊಂಡ್ರೇನ್ರಪ್ಪಾ? ಗಾಳಿ ತಣ್ಣಗಾದಾಗ್ಲೇ ಕರೆದೆ" ಅಂದ್ರು. ಆ ಮಾತಿನಲ್ಲಿರೋ ಫಿಸಿಕ್ಸ್ ನಮಗೆ ಆಮೇಲೆ ಓದಿ ಗೊತ್ತಾಯಿತು.

ನಾವೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ ಸ್ಪ್ರಿಂಗ್ ಅಂದ್ರೆ ಹಿಮ ಕರಗೋದು, ಹೂ ಬಿಡೋದು ಅಂತ ಬಾಯಿಪಾಠ ಮಾಡಿದವರು. ಉತ್ತರದ ದೇಶಗಳ ದೊಡ್ಡ ಸರೋವರಗಳಲ್ಲಿ ಅದು ನಿಜ. ಅಲ್ಲಿ ವಸಂತದ ಭಯ ತಣ್ಣೀರಿನದು. ಗಾಳಿ 20 ಡಿಗ್ರಿ ಇದ್ದರೂ ನೀರು ಇನ್ನೂ 4-5 ಡಿಗ್ರಿ ಇರಬಹುದು, ಬಿದ್ದ ಕೂಡಲೇ ಉಸಿರು ಸಿಕ್ಕಿಕೊಳ್ಳುತ್ತೆ. ನಮ್ಮ ಕಾಶ್ಮೀರದಲ್ಲೂ ಹಿಮ ಕರಗುವ ಕಾಲ ಇದೇ, ಜೊತೆಗೆ ಮಳೆ. 2024ರ ಏಪ್ರಿಲ್ 16ರಂದು ಶ್ರೀನಗರದ ಗಂಡಬಲ್ ಬಳಿ ಝೀಲಂ ನದಿಯಲ್ಲಿ ದೋಣಿ ಮಗುಚಿ ಶಾಲಾ ಮಕ್ಕಳೂ ಸೇರಿ ಹಲವರು ತೀರಿಕೊಂಡರು. ಹಿಂದಿನ ದಿನಗಳ ಮಳೆಗೆ ನದಿ ಏರಿತ್ತು. ಅಲ್ಲಿನ ಹವಾಮಾನ ಕೇಂದ್ರ ಜೋರು ಗಾಳಿಯ ಮುನ್ಸೂಚನೆ ಇದ್ದಾಗ ದಾಲ್ ಸರೋವರದ ಶಿಕಾರಾ ಸವಾರಿ ನಿಲ್ಲಿಸಿ ಅಂತ ನೇರವಾಗಿ ಹೇಳುವುದುಂಟು. ನಮ್ಮ ರಾಜ್ಯದ ಬುಲೆಟಿನ್‌ನಲ್ಲಿ ಮೀನುಗಾರರಿಗೆ ಎಚ್ಚರಿಕೆ ಅಂತ ಬರುವುದು ಕರಾವಳಿಗೆ, ಸಮುದ್ರಕ್ಕೆ. ಗುಬ್ಬಿ ಕೆರೆಯಲ್ಲಿ ತೆಪ್ಪ ಹಾಕುವವರಿಗೆ, ಕುಣಿಗಲ್‌ಗೆ ಟ್ರಿಪ್ ಹೋಗುವ ನಮಗೆ ಬೇರೆ ಸಾಲು ಇರಲ್ಲ. ಗುಡುಗು ಮಳೆ ಅಂತ ಇರೋ ಸಾಲನ್ನೇ ನಾವು ದೋಣಿ ಭಾಷೆಗೆ ತಿರುಗಿಸಿಕೊಳ್ಳಬೇಕು.

ನಮ್ಮಲ್ಲಿ ನೀರು ಬೆಚ್ಚಗಿರುತ್ತೆ, ಅದರ ಭಯವಿಲ್ಲ. ಅಪಾಯ ಮೇಲಿಂದ ಬರುತ್ತೆ. ಏಪ್ರಿಲ್-ಮೇನಲ್ಲಿ ಒಳನಾಡಿನ ನೆಲ ಬಾಣಲೆ ಥರ ಕಾಯುತ್ತೆ. ಬಂಗಾಳ ಕೊಲ್ಲಿ ಕಡೆಯಿಂದ ತೇವದ ಗಾಳಿ, ಇನ್ನೊಂದು ಕಡೆಯಿಂದ ಒಣ ಗಾಳಿ, ಎರಡೂ ದಕ್ಷಿಣ ಒಳನಾಡಿನ ಮೇಲೆ ಸಂಧಿಸುತ್ತವೆ. ಬುಲೆಟಿನ್‌ನಲ್ಲಿ ಟ್ರಫ್ ಅಂತ ಒಂದು ಗೆರೆ ಬರೀತಾರಲ್ಲ, ಹೆಚ್ಚಾಗಿ ಅದು ಇದೇ. ಬಿಸಿ ಗಾಳಿ ಮೇಲೇರಿ ಮಧ್ಯಾಹ್ನ ಎರಡು-ಮೂರು ಗಂಟೆ ಹೊತ್ತಿಗೆ ಹೂಕೋಸಿನಂಥ ಮೋಡ ಎದ್ದು ನಿಲ್ಲುತ್ತೆ. ಮೋಡದಿಂದ ಬೀಳುವ ಮಳೆ ಕೆಳಗಿನ ಒಣ ಗಾಳಿಯಲ್ಲಿ ಅರ್ಧಕ್ಕರ್ಧ ಆವಿಯಾಗುತ್ತೆ. ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತೆ. ಮಡಕೆ ನೀರು ತಣ್ಣಗಾಗೋದೂ ಹೀಗೇ. ತಣ್ಣಗಾದ ಗಾಳಿ ಭಾರ, ಆದ್ದರಿಂದ ಧಡ್ ಅಂತ ಕೆಳಗೆ ಬೀಳುತ್ತೆ. ನೆಲ ಮುಟ್ಟಿದ ಮೇಲೆ ಎಲ್ಲಿಗೆ ಹೋಗಬೇಕು? ಬಕೆಟ್ ನೀರನ್ನು ಹಜಾರದಲ್ಲಿ ಸುರಿದಂತೆ ಸುತ್ತಲೂ ಹರಡುತ್ತೆ. ಹಾಗೆ ಹರಡುವ ಗಾಳಿಯ ಅಂಚು ಮಳೆಗಿಂತ ಕೆಲವು ಕಿ.ಮೀ. ಮುಂದೆಯೇ ಓಡಿ ಬರುತ್ತೆ. ನಮಗೆ "ಆಹಾ" ಅನ್ನಿಸಿದ್ದು ಅದೇ ಅಂಚು. ಅದರ ಹಿಂದೆಯೇ ಗಂಟೆಗೆ 40-50 ಕಿ.ಮೀ. ವೇಗದ ಗಾಳಿ ಇರಬಹುದು, ಮಳೆ ಇನ್ನೂ ಹತ್ತು ನಿಮಿಷ ದೂರ ಇದ್ದಾಗಲೇ.

ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಸಾಗಲು ಮಾತ್ರ ಓದಿದ ಸೂತ್ರವನ್ನು ಇಲ್ಲಿ ಹಾಕಿ ನೋಡಿದೆವು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಪಾತ. 9 ಕಿ.ಮೀ. ಗಾಳಿ 50 ಆದರೆ ಒತ್ತಡ ಐದೂವರೆ ಪಟ್ಟಲ್ಲ, 30 ಪಟ್ಟು. ಲೆಕ್ಕ ಮಾಡಿದರೆ ಚದರ ಮೀಟರಿಗೆ ಸುಮಾರು 110 ನ್ಯೂಟನ್. ಮೇಲೆ ಚಾವಣಿ, ಒಳಗೆ ನಾಲ್ಕು ಜನ ಇರುವ ಬೋಟಿನ ಪಕ್ಕದ ವಿಸ್ತೀರ್ಣ 2 ಚದರ ಮೀಟರ್ ಅಂದುಕೊಳ್ಳಿ: 220 ನ್ಯೂಟನ್. ಈಗ ನಮ್ಮ ಕಾಲಿನ ಲೆಕ್ಕ. ಇಬ್ಬರು ಸೇರಿ 200 ವ್ಯಾಟ್ ತುಳಿದರೂ ಅರ್ಧ ನೀರು ಕಲಕೋದಕ್ಕೇ ಹೋಗುತ್ತೆ. ಉಳಿದ 100 ವ್ಯಾಟ್‌ನಲ್ಲಿ ಸೆಕೆಂಡಿಗೆ 1 ಮೀಟರ್ ಹೋಗಬೇಕಾದರೆ ಸಿಗುವ ತಳ್ಳುಬಲ 100 ನ್ಯೂಟನ್. ಗಾಳಿ ಗೆದ್ದಾಯ್ತು. ಇದು ಕಚ್ಚಾ ಲೆಕ್ಕವೇ, ಮೇಷ್ಟ್ರು ಮಾರ್ಕ್ಸ್ ಕಡಿಮೆ ಕೊಡಬಹುದು, ಆದರೆ ನಮಗೆ ಕೆರೆಯಲ್ಲಿ ಸಿಕ್ಕ ಉತ್ತರವೂ ಇದೇ. ಆದ್ದರಿಂದ ಸಿಕ್ಕಿಹಾಕಿಕೊಂಡರೆ ಗಾಳಿಗೆ ಎದುರಾಗಿ ಹತ್ತಿದ ದಡಕ್ಕೇ ವಾಪಸ್ ಹೋಗಲು ಒದ್ದಾಡಬೇಡಿ. ಗಾಳಿ ಒಯ್ಯುವ ಕಡೆ ಹತ್ತಿರದ ದಡ ಯಾವುದೋ ಅಲ್ಲಿಗೆ ಹೋಗಿ. ಎದ್ದು ನಿಲ್ಲಬೇಡಿ. ಮಗುಚಿದರೆ ಬೋಟ್ ಬಿಟ್ಟು ಈಜಬೇಡಿ, ಅದನ್ನೇ ಹಿಡಿದುಕೊಳ್ಳಿ.

ಅಲೆಯ ವಿಷಯ ಚಿಕ್ಕದು. ಒಂದು ಕಿ.ಮೀ. ಅಗಲದ ಕೆರೆಯಲ್ಲಿ ಇಂಥ ಗಾಳಿ ಹೆಚ್ಚೆಂದರೆ ಒಂದು ಗೇಣು ಎತ್ತರದ ಅಲೆ ಎಬ್ಬಿಸುತ್ತೆ. ಒಂದು ಗೇಣಾ ಅಂತ ನಗಬೇಡಿ. ಆರು ಜನ ಕೂತ ತೆಪ್ಪದ ಅಂಚು ನೀರಿನಿಂದ ಎಷ್ಟು ಮೇಲಿರುತ್ತೆ ಅಂತ ಮುಂದಿನ ಸಲ ಕೈಯಿಟ್ಟು ಅಳೆದು ನೋಡಿ.

ದೊಡ್ಡ ದೋಣಿ ಆದ್ರೆ ಸೇಫ್ ಅಂತಲೂ ಇಲ್ಲ. 2018ರ ಮೇ 15ರಂದು ಆಂಧ್ರದ ದೇವೀಪಟ್ಣಂ ಬಳಿ ಗೋದಾವರಿಯಲ್ಲಿ ಇಂಥದ್ದೇ ಸಂಜೆ ಗಾಳಿಮಳೆಗೆ ಸಿಕ್ಕ ಲಾಂಚ್ ಮುಳುಗಿತು. ಮಳೆ ಒಳಗೆ ಬರದಿರಲಿ ಅಂತ ಬಾಗಿಲು ಕಿಟಕಿ ಮುಚ್ಚಿದ್ದರಿಂದ ಒಳಗಿದ್ದವರಿಗೆ ಹೊರಬರಲು ಆಗಲಿಲ್ಲ ಅಂತ ಆಗ ವರದಿಯಾಗಿತ್ತು.

ಹಾಗಾದ್ರೆ ಮುನ್ಸೂಚನೆ ಯಾವುದು ನೋಡಬೇಕು? ಭಾರತೀಯ ಹವಾಮಾನ ಇಲಾಖೆ ಫೆಬ್ರವರಿ ಕೊನೆಯಲ್ಲಿ ಮಾರ್ಚ್-ಮೇ ಮೂರು ತಿಂಗಳ ಮುನ್ನೋಟ ಕೊಡುತ್ತೆ. ಬಿಸಿಲು ಸಾಮಾನ್ಯಕ್ಕಿಂತ ಹೆಚ್ಚೋ ಕಡಿಮೆಯೋ ಅನ್ನುವ ಸಂಭವನೀಯತೆ ಅದು. ರೈತರಿಗೆ, ವಿದ್ಯುತ್ ಇಲಾಖೆಗೆ ಉಪಯೋಗ. ಶನಿವಾರ ಸಂಜೆ ನಾಲ್ಕಕ್ಕೆ ಬೋಟ್ ಹತ್ತಬೇಕಾ ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ. ಐದು ದಿನದ ಜಿಲ್ಲಾವಾರು ಎಚ್ಚರಿಕೆ ಸ್ವಲ್ಪ ಹತ್ತಿರ ಬರುತ್ತೆ. ಹಸಿರು ಅಂದ್ರೆ ಎಚ್ಚರಿಕೆ ಇಲ್ಲ, ಹಳದಿ ಅಂದ್ರೆ ಗಮನ ಇಟ್ಟಿರಿ, ಕಿತ್ತಳೆ ಅಂದ್ರೆ ಸಿದ್ಧರಾಗಿರಿ, ಕೆಂಪು ಅಂದ್ರೆ ಈಗಲೇ ಕ್ರಮ ತಗೊಳ್ಳಿ. ಇಲ್ಲಿ ನಾವು ಮಾಡುವ ತಪ್ಪು ಒಂದಿದೆ. ತುಮಕೂರಿಗೆ ಹಳದಿ ಅಂತ ಇತ್ತು, ಏನೂ ಆಗಲಿಲ್ಲ, ಆದ್ದರಿಂದ ಇಲಾಖೆಯವರು ಸುಮ್ಮನೆ ಹೇಳ್ತಾರೆ ಅಂತ ತೀರ್ಮಾನ ಮಾಡಿಬಿಡೋದು. ಪಾವಗಡದಿಂದ ಕುಣಿಗಲ್‌ಗೆ ನೂರು ಕಿ.ಮೀ.ಗೂ ಹೆಚ್ಚು. ಒಂದು ಗುಡುಗು ಮೋಡದ ಅಗಲ ಹತ್ತು ಕಿ.ಮೀ. ಆಸುಪಾಸು, ಆಯಸ್ಸು ಒಂದು ಗಂಟೆ ಇದ್ದರೆ ಹೆಚ್ಚು. ಜಿಲ್ಲೆಗೆ ಹಳದಿ ಅಂದರೆ ಈ ಜಿಲ್ಲೆಯಲ್ಲಿ ಎಲ್ಲೋ ಅದು ಎದ್ದೇಳಬಹುದು ಅಂತ ಅರ್ಥ, ನಿಮ್ಮ ತಲೆ ಮೇಲೇ ಅಂತಲ್ಲ. ದೋಣಿಯವರಿಗೆ ನಮ್ಮ ಅನುವಾದ ಹೀಗೆ: ಗುಡುಗಿನ ಹಳದಿ ಇದ್ದರೆ ಬೆಳಿಗ್ಗೆ ಹೋಗಿ, ಮಧ್ಯಾಹ್ನದ ಮೇಲೆ ನೀರಿಗೆ ಇಳಿಯಬೇಡಿ.

ನಿಜವಾಗಿ ಕೆಲಸಕ್ಕೆ ಬರುವುದು ನೌಕಾಸ್ಟ್, ಮುಂದಿನ ಮೂರು ಗಂಟೆಗೆ ಮಾತ್ರ ಹೇಳುವ ಎಚ್ಚರಿಕೆ. ಇಲಾಖೆಯ ಮೌಸಮ್ ಆ್ಯಪ್‌ನಲ್ಲಿ ಸಿಗುತ್ತೆ. ಸಿಡಿಲಿಗೆ ಪುಣೆಯ ಐಐಟಿಎಂನವರ ದಾಮಿನಿ ಇದೆ, ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ತಂದ ಸಿಡಿಲು ಅನ್ನೋ ಆ್ಯಪ್ ಇದೆ. ಫೋನಿನ ಜೊತೆ ಬಂದ ಆ್ಯಪ್‌ನ "9 ಕಿ.ಮೀ. ಗಾಳಿ" ಸರಾಸರಿ ಸಂಖ್ಯೆ. ಬೋಟನ್ನು ತಳ್ಳೋದು ಸರಾಸರಿ ಅಲ್ಲ, ಆ ಎರಡು ನಿಮಿಷದ ರಭಸ.

ತಿಂಗಳು ತಿಂಗಳಿಗೆ ಹೇಳೋದಾದ್ರೆ, ಮಾರ್ಚ್ ಬಹುಮಟ್ಟಿಗೆ ಒಣ. ಯುಗಾದಿ ಆಸುಪಾಸು ಒಂದೆರಡು ಮಾವಿನ ಮಳೆ ಬಿದ್ದರೆ ಬಿತ್ತು. ಏಪ್ರಿಲ್ ಮಧ್ಯದಿಂದ ಆಟ ಶುರು. ಅಜ್ಜಿಯರ ಲೆಕ್ಕದಲ್ಲಿ ಏಪ್ರಿಲ್ 13-14ಕ್ಕೆ ಅಶ್ವಿನಿ ಮಳೆ, 27ರ ಹೊತ್ತಿಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, 25ಕ್ಕೆ ರೋಹಿಣಿ. 365 ದಿನಕ್ಕೆ 27 ನಕ್ಷತ್ರ ಭಾಗ ಹಾಕಿದ ಕ್ಯಾಲೆಂಡರ್ ಅಷ್ಟೇ. ಆದರೂ ಗಾಳಿ-ಗುಡುಗಿನ ಕಾಲ ಯಾವಾಗ ಅಂತ ನೆನಪಿಟ್ಟುಕೊಳ್ಳಲು ನಮಗೆ ಇದಕ್ಕಿಂತ ಸುಲಭದ ದಾರಿ ಸಿಕ್ಕಿಲ್ಲ. ಮೇನಲ್ಲಿ ಮಳೆ ಏಪ್ರಿಲ್‌ಗಿಂತ ಜಾಸ್ತಿ. ಮುಂಗಾರು ಕೇರಳ ಮುಟ್ಟುವ ಸಾಮಾನ್ಯ ದಿನ ಜೂನ್ 1, ಆದರೆ 2025ರಲ್ಲಿ ಮೇ 24ಕ್ಕೇ ಬಂತು. ಸೆಮಿಸ್ಟರ್ ರಜೆ ಟ್ರಿಪ್ ಹಾಕುವವರು ಆ ವಾರದ ಬುಲೆಟಿನ್ ನೋಡಿಯೇ ಹೊರಡಿ.

ಗುಡುಗು ಕೇಳಿಸಿದರೆ ಚರ್ಚೆ ಬೇಡ. ಮಿಂಚಿನಿಂದ ಗುಡುಗಿಗೆ ಪ್ರತಿ ಮೂರು ಸೆಕೆಂಡಿಗೆ ಒಂದು ಕಿ.ಮೀ. 30 ಸೆಕೆಂಡ್ ಎಣಿಸಿದಿರಿ ಅಂದ್ರೆ 10 ಕಿ.ಮೀ., ಸಿಡಿಲಿಗೆ ಅದು ದೂರವೇ ಅಲ್ಲ. ಬಯಲು ನೀರಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನಿಮ್ಮ ತಲೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ವಾಪಸ್ ಇಳಿಯಬೇಡಿ. ದಡದಲ್ಲಿ ಮರದ ಕೆಳಗೂ ನಿಲ್ಲಬೇಡಿ.

ನೀರಿನ ಕೆಳಗಿನ ಕಥೆ ಇನ್ನೊಂದು. ಬೇಸಿಗೆಯಲ್ಲಿ ಕೆರೆ ಇಳಿದಿರುತ್ತೆ, ಆಳ ಇಲ್ಲ ಅನ್ನಿಸುತ್ತೆ. ಆದರೆ ಹೂಳು, ಮಣ್ಣು ಎತ್ತಿದ ಗುಂಡಿಗಳ ಅಂಚು ನೇರ ಇಳಿಜಾರು, ಕೆಂಪು ನೀರಿನಲ್ಲಿ ಕಾಣಲ್ಲ. ಸೊಂಟದುದ್ದ ನೀರಲ್ಲಿ ನಡೀತಿದ್ದವರು ಒಂದೇ ಹೆಜ್ಜೆಗೆ ಮುಳುಗಬಹುದು. ಮಾರ್ಕೋನಹಳ್ಳಿಗೆ ಹೋಗುವವರಿಗೆ ಇನ್ನೂ ಒಂದು ಮಾತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶಿಂಷಾ ನದಿಗೆ ಕಟ್ಟಿದ ಆ ಜಲಾಶಯದಲ್ಲಿ ಸ್ವಯಂಚಾಲಿತ ಸೈಫನ್ ಇದೆ. ನೀರು ಒಂದು ಮಟ್ಟ ದಾಟಿದರೆ ಕೊಳವೆ ತಾನೇ ತುಂಬಿಕೊಂಡು ಎಳೆಯಲು ಶುರು ಮಾಡುತ್ತೆ. ಎಂಜಿನಿಯರಿಂಗ್ ಆಗಿ ನೋಡಿದರೆ ಅದ್ಭುತ. ಆದರೆ ಕೆಳಗೆ ಆಡುತ್ತಿರುವವರಿಗೆ ಒಂದು ಕ್ಷಣದ ಹಿಂದೆ ಇಲ್ಲದ ನೀರು ಒಮ್ಮೆಲೇ ಬರುತ್ತೆ. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ಪ್ರವಾಸಕ್ಕೆ ಬಂದ ಒಂದೇ ಕುಟುಂಬದ ಹಲವರು ಹಾಗೆ ಕೊಚ್ಚಿಹೋದರು. ಬೇಸಿಗೆಯಲ್ಲಿ ಜಲಾಶಯ ಆ ಮಟ್ಟಕ್ಕೆ ತುಂಬುವುದು ಅಪರೂಪ, ಆದರೂ ಸೈಫನ್ ಕೆಳಗಿನ ಹಾಸುಗಲ್ಲು ಆಟದ ಜಾಗ ಅಲ್ಲ.

ಲೈಫ್ ಜಾಕೆಟ್ ಬಗ್ಗೆ ನಮ್ಮ ಕ್ಲಾಸಿನಲ್ಲಿ ಒಬ್ಬ "ನಾನು 80 ಕೆ.ಜಿ., ಅದು ನನ್ನನ್ನ ಎತ್ತುತ್ತಾ?" ಅಂತ ಕೇಳಿದ. ಆರ್ಕಿಮಿಡೀಸ್ ಮರೆತ ಹಾಗಿದೆ. ನೀರೊಳಗೆ ಅವನ ತೂಕ ನಾಲ್ಕೈದು ಕೆ.ಜಿ. ಅಷ್ಟೇ. 100 ನ್ಯೂಟನ್ ಜಾಕೆಟ್ ಸುಮಾರು 10 ಕೆ.ಜಿ. ಎತ್ತುತ್ತೆ, ಧಾರಾಳ ಸಾಕು. ಆದರೆ ಬಕಲ್ ಹಾಕದಿದ್ದರೆ ಜಾಕೆಟ್ ತೇಲುತ್ತೆ, ಅವನಲ್ಲ.

ಈ ಶನಿವಾರಕ್ಕೆ ನಮ್ಮ ಪ್ಲಾನ್ ಆಗಿದೆ. ಬೆಳಿಗ್ಗೆ ಆರಕ್ಕೆ ಶೆಟ್ಟಿಹಳ್ಳಿ ಅಂಡರ್‌ಪಾಸ್ ಹತ್ತಿರ ಸೇರೋದು, ಏಳೂವರೆಗೆ ನೀರಿನ ಮೇಲೆ, ಹತ್ತೂವರೆಗೆ ದಡದಲ್ಲಿ, ಆಮೇಲೆ ತಟ್ಟೆ ಇಡ್ಲಿ. ಅದೇ ಕೆರೆ, ಅದೇ ಅಣ್ಣ. ಈ ಸಲ ಅವರು ಟವೆಲ್ ಬೀಸಿದರೆ ಅರ್ಧ ಗಂಟೆಯ ದುಡ್ಡು ವಾಪಸ್ ಕೇಳಲ್ಲ.