ತೆರಿಗೆ ನೋಟೀಸು ಬಂದಾಗ ಕಾಗದ ಯಾರ ಕೈಗೆ ಕೊಡಬೇಕು?

ಗಲಗಲಿಯ ಜುಮಾ ಪ್ರವಚನದ ಸಾರಾಂಶ



ನಮ್ಮ ಊರಕಡೆ ಇಮಾಮರ ಹತ್ತಿರ ಹಲವು ಬಗೆಯ ಕಾಗದ ಬರುತ್ತವೆ. ನಿಕಾಹ್ ಪತ್ರ, ಹೊಲದ ಉತಾರ, ಮಗನ ಕಾಲೇಜಿನ ಅರ್ಜಿ. ಈಗೀಗ ಅವುಗಳ ಜೊತೆ ಜಿಎಸ್‌ಟಿ ನೋಟೀಸೂ ಸೇರಿದೆ. "ಹಜರತ್, ಇದೇನಂತ ನೋಡ್ರಿ, ದುವಾ ಮಾಡ್ರಿ" ಎನ್ನುತ್ತಾರೆ. ದುವಾ ಖಂಡಿತ ಮಾಡುತ್ತೇನೆ. ಆದರೆ ನೋಟೀಸಿಗೆ ತಾಯತ ಕಟ್ಟಿದರೆ ವಾಯಿದೆ ನಿಲ್ಲುವುದಿಲ್ಲ. ಅದಕ್ಕೆ ತಿಳಿದವರ ನೆರವು ಬೇಕು. ಆ ತಿಳಿದವರನ್ನು ಆರಿಸುವುದು ಹೇಗೆ ಎಂಬುದೇ ಈ ಸಲದ ವಿಷಯ.

2025ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ಬೇಕರಿ, ಚಹಾ ಅಂಗಡಿ, ಬೀಡಿ ಅಂಗಡಿ, ಯಾರನ್ನೂ ಬಿಡಲಿಲ್ಲ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷಗಳಲ್ಲಿ 1 ಕೋಟಿ 63 ಲಕ್ಷ ರೂಪಾಯಿ ಜಮೆಯಾಗಿದೆ, ಸುಮಾರು 29 ಲಕ್ಷ ತೆರಿಗೆ ಕಟ್ಟು ಎಂಬ ಕಾಗದ ಬಂತು. ಅಂಗಡಿಗಳ ಮುಂದಿನ ಕ್ಯೂಆರ್ ಕೋಡ್ ಹರಿದು "ನಗದು ಮಾತ್ರ" ಎಂದು ಬರೆದು ಅಂಟಿಸಿದ್ದನ್ನು ನೀವೂ ನೋಡಿದ್ದೀರಿ. ಜುಲೈ 25ಕ್ಕೆ ಬಂದ್ ಎಂದರು. ಅದಕ್ಕೆ ಎರಡು ದಿನ ಮುಂಚೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು.

ಆ ಹಾವೇರಿಯ ಅಂಕಿ ಸ್ವಲ್ಪ ಗುಣಿಸಿ ನೋಡಿ. 163 ಲಕ್ಷಕ್ಕೆ 29 ಲಕ್ಷ ಎಂದರೆ ಹೆಚ್ಚುಕಡಿಮೆ ನೂರಕ್ಕೆ 18. ಅಂದರೆ ಜಮೆಯಾದ ಹಣವೆಲ್ಲ ತೆರಿಗೆ ಬೀಳುವ ಮಾಲಿನದು ಎಂದು ಹಿಡಿದ ಹಾಗಾಯಿತು. ತಾಜಾ ತರಕಾರಿಗೆ, ಹಣ್ಣಿಗೆ, ಹಾಲಿಗೆ, ಮೊಟ್ಟೆಗೆ, ಪ್ಯಾಕ್ ಮಾಡದ ತಾಜಾ ಮಾಂಸಕ್ಕೆ ಜಿಎಸ್‌ಟಿ ಇಲ್ಲವೇ ಇಲ್ಲ. ಇಂಥ ಮಾಲನ್ನು ಮಾತ್ರ ಮಾರುವವನಿಗೆ ನೋಂದಣಿಯೂ ಬೇಕಿಲ್ಲ. ಬ್ಯಾಂಕು ಕೊಟ್ಟ ಮಾಹಿತಿಯಲ್ಲಿ ಹಣ ಎಷ್ಟು ಬಂತು ಎಂದು ಇರುತ್ತದೆ, ಏನು ಮಾರಿದ್ದಕ್ಕೆ ಬಂತು ಎಂದು ಇರುವುದಿಲ್ಲ. ಅದನ್ನು ನಾವು ಹೇಳಬೇಕು, ಬರವಣಿಗೆಯಲ್ಲಿ ಹೇಳಬೇಕು.

ಆದ್ದರಿಂದ ನೆರವಿಗೆಂದು ಹೋದವರ ಮುಂದೆ ಕುಳಿತಾಗ ಅವರು ಮೊದಲು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. "ಏನು ಮಾರುತ್ತೀರಿ? ಯಾರ ಹೆಸರಿನ ಖಾತೆ? ಖರೀದಿ ಬಿಲ್ಲು ಇವೆಯೇ?" ಎಂದು ಕೇಳಿದವರು ಕೆಲಸ ಬಲ್ಲವರು. ಕಾಗದ ಕೈಗೆ ತೆಗೆದುಕೊಳ್ಳುತ್ತಲೇ "ಇಷ್ಟು ಕೊಡಿ, ಮುಗಿಸಿಬಿಡೋಣ" ಎಂದವರಿಗೆ ನಿಮ್ಮ ಲೆಕ್ಕ ಬೇಕಿಲ್ಲ, ನಿಮ್ಮ ಹೆದರಿಕೆ ಸಾಕು.

ಪವಿತ್ರ ಕುರ್‌ಆನಿನ ಅಲ್-ಕಸಸ್ ಅಧ್ಯಾಯದಲ್ಲಿ ಮೂಸಾ ಅಲೈಹಿಸ್ಸಲಾಮರು ಮದ್ಯನ್‌ಗೆ ಬಂದ ಪ್ರಸಂಗ ನಿಮಗೆ ಗೊತ್ತು. ಬಾವಿಯ ಬಳಿ ಕಾಯುತ್ತ ನಿಂತಿದ್ದ ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ಅವರು ನೀರು ಕುಡಿಸುತ್ತಾರೆ. ಆಮೇಲೆ ಅವರಲ್ಲೊಬ್ಬಳು, ಇವರನ್ನು ಕೆಲಸಕ್ಕಿಟ್ಟುಕೊಳ್ಳಿ ಎಂದು ತಂದೆಗೆ ಹೇಳುತ್ತಾಳೆ. ಕೊಡುವ ಕಾರಣ ಎರಡೇ: ಶಕ್ತ, ನಂಬಿಗಸ್ಥ. ಈ ಎರಡೂ ಒಟ್ಟಿಗೆ ಬೇಕು. ನಂಬಿಗಸ್ಥನಿದ್ದು ಕಾನೂನು ಗೊತ್ತಿಲ್ಲದ ನಮ್ಮ ಬೀಗರು ವಾಯಿದೆ ದಾಟಿಸಿಬಿಡುತ್ತಾರೆ. ಕಾನೂನು ಗೊತ್ತಿದ್ದು ಅಮಾನತ್ ಇಲ್ಲದವನು ನಮ್ಮ ಪಾಸ್‌ವರ್ಡನ್ನೇ ಇಟ್ಟುಕೊಂಡು ಕೂರುತ್ತಾನೆ. ನಾವು ಕನ್ನಡದಲ್ಲಿ ದಿನಾ ಆಡುವ ವಕೀಲ ಎಂಬ ಮಾತು ಅರಬಿಯ ವಕೀಲ್‌ನಿಂದಲೇ ಬಂದದ್ದು. ಒಬ್ಬನ ಪರವಾಗಿ ಅವನ ಕೆಲಸ ವಹಿಸಿಕೊಂಡವನು ಎಂದರ್ಥ. ಫಿಕ್ಹ್‌ನಲ್ಲಿ ವಕೀಲನ ಕೈಯಲ್ಲಿರುವುದು ಅಮಾನತ್. ಕೆಲಸ ಒಪ್ಪಿಸಿದವನು ಎಲ್ಲಿಗೆ ಬಂತು ಎಂದು ಕೇಳಿದರೆ ಅದು ಅನುಮಾನವಲ್ಲ, ಅವನ ಹಕ್ಕು.

ಇನ್ನು ಯಾರ ಬಳಿ ಹೋಗಬೇಕೆಂಬುದು ಕೈಯಲ್ಲಿರುವ ಕಾಗದ ಯಾವುದು ಎಂಬುದರ ಮೇಲೆ ನಿಂತಿದೆ. ಬಂದದ್ದೆಲ್ಲ ಒಂದೇ ನೋಟೀಸಲ್ಲ. ಮಾಹಿತಿ ಕೇಳುವ ಪತ್ರವೊಂದು ಇರುತ್ತದೆ. ಅದಾದ ಮೇಲಿನದು ಕಾರಣ ಕೇಳುವ ನೋಟೀಸು, ಅದರ ಮೇಲೆ ಡಿಆರ್‌ಸಿ-01 ಎಂದು ಬರೆದಿರುತ್ತದೆ. ಇಲ್ಲಿಯವರೆಗೆ ತೆರಿಗೆ ಇನ್ನೂ ಗಟ್ಟಿಯಾಗಿಲ್ಲ, ನಮ್ಮ ಮಾತು ಹೇಳಲು ಅವಕಾಶ ಇದೆ. ಡಿಆರ್‌ಸಿ-07 ಬಂದರೆ ಮಾತ್ರ ಅದು ಆದೇಶ. ಆಗ ಅದು ನಿಜವಾದ ಬಾಕಿ. ತಲುಪಿದ ದಿನದಿಂದ ಮೂರು ತಿಂಗಳೊಳಗೆ ಕಟ್ಟಬೇಕು ಇಲ್ಲವೇ ಮೇಲ್ಮನವಿ ಹಾಕಬೇಕು. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಇನ್ನೊಂದು ತಿಂಗಳು ಸಿಗಬಹುದು, ಅದರಾಚೆ ಮೇಲ್ಮನವಿ ಅಧಿಕಾರಿಗೂ ಕೈಕಟ್ಟು. ಮೇಲ್ಮನವಿಗೆ, ವಿವಾದದಲ್ಲಿರುವ ತೆರಿಗೆಯ ನೂರಕ್ಕೆ 10ರಷ್ಟು ಮುಂಗಡ ಕಟ್ಟಬೇಕು. ಅದನ್ನು ಕಟ್ಟಿದರೆ ಉಳಿದದ್ದರ ವಸೂಲಿ ನಿಲ್ಲುತ್ತದೆ. ಏನೂ ಮಾಡದೆ ಕುಳಿತರೆ ಬ್ಯಾಂಕ್ ಖಾತೆಗೇ ಕೈ ಹಾಕುವ ಅಧಿಕಾರ ಇಲಾಖೆಗೆ ಇದೆ.

ಮಾಹಿತಿ ಪತ್ರ, ನೋಂದಣಿ, ತಿಂಗಳ ರಿಟರ್ನ್ ಇಂಥವಕ್ಕೆ ಜಿಎಸ್‌ಟಿ ಪ್ರಾಕ್ಟೀಷನರ್ ಸಾಕು. ಇಲಾಖೆಯಲ್ಲಿ ಅವರ ಹೆಸರು ದಾಖಲಾಗಿರುತ್ತದೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹೆಸರು ಹುಡುಕಿ ನೋಡಬಹುದು. ನಾಲ್ಕು ವರ್ಷದ ಲೆಕ್ಕ ಹೊಸದಾಗಿ ಕಟ್ಟಿ, ಇಷ್ಟು ತೆರಿಗೆಯ ಮಾಲು, ಇಷ್ಟು ತೆರಿಗೆ ಇಲ್ಲದ ಮಾಲು, ಇಷ್ಟು ಸ್ವಂತದ ಹಣ ಎಂದು ಬಿಡಿಸಿ ತೋರಿಸಬೇಕಾದರೆ ಸಿ.ಎ. ಬೇಕು. ಅವರ ಸದಸ್ಯತ್ವ ಸಂಖ್ಯೆಯನ್ನು ಅವರ ಸಂಸ್ಥೆಯ ಜಾಲತಾಣದಲ್ಲಿ ಪರೀಕ್ಷಿಸಬಹುದು. ಆದೇಶವಾಗಿ ಮೇಲ್ಮನವಿಗೆ ಹೋಗುವಾಗ, ಖಾತೆ ಜಪ್ತಿಯಾದಾಗ, ವಂಚನೆ ಎಂಬ ಆರೋಪ ಬಂದಾಗ ತೆರಿಗೆ ಕೇಸು ನಡೆಸುವ ವಕೀಲರನ್ನೇ ಹಿಡಿಯಿರಿ. ಹೈಕೋರ್ಟಿನವರೆಗೆ ಹೋಗಬೇಕಾಗಿ ಬಂದರೆ ನಮ್ಮ ಬಾಗಲಕೋಟೆ ಜಿಲ್ಲೆಯವರಿಗೆ ಧಾರವಾಡ ಪೀಠ, ಅಲ್ಲಿ ವಾದಿಸುವವರು ವಕೀಲರೇ. ಜಮೀನಿನ ತಕರಾರು ಚೆನ್ನಾಗಿ ನಡೆಸುವ ನಮ್ಮ ಪರಿಚಯದ ವಕೀಲರು ತೆರಿಗೆಯನ್ನೂ ಬಲ್ಲರು ಎಂದುಕೊಳ್ಳಬೇಡಿ. ಇಂಥ ಎಷ್ಟು ಕೇಸು ನಡೆಸಿದ್ದೀರಿ ಎಂದು ಕೇಳಿ. ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಗಲಗಲಿಯಲ್ಲಿ ಇವರೆಲ್ಲ ಸಿಗಲಿಕ್ಕಿಲ್ಲ. ಜಮಖಂಡಿಗೋ ಮುಧೋಳಕ್ಕೋ ಬಾಗಲಕೋಟೆಗೋ ಹೋಗಬೇಕಾಗುತ್ತದೆ. ಒಂದು ದಿನದ ವ್ಯಾಪಾರ ಹೋದರೂ ಹೋಗಲಿ.

ಸೈಬರ್ ಅಂಗಡಿಯ ಹುಡುಗರ ಬಗ್ಗೆ ಒಂದು ಮಾತು. ಅವರು ಕೆಟ್ಟವರಲ್ಲ. ಆದರೆ ಅರ್ಜಿ ತುಂಬುವುದು ಬೇರೆ, ಉತ್ತರ ಬರೆಯುವುದು ಬೇರೆ. ನೋಂದಣಿ ಮಾಡುವಾಗ ನಮ್ಮ ಮೊಬೈಲ್ ಸಂಖ್ಯೆಯ ಜಾಗದಲ್ಲಿ ಅವರ ಸಂಖ್ಯೆ, ನಮ್ಮ ಇಮೇಲ್ ಜಾಗದಲ್ಲಿ ಅವರ ಇಮೇಲ್ ಬಿದ್ದಿರುತ್ತದೆ. ಜಿಎಸ್‌ಟಿಯಲ್ಲಿ ಟಪಾಲಿನವನು ಮನೆಗೆ ಬಂದೇ ತೀರಬೇಕೆಂದಿಲ್ಲ. ಪೋರ್ಟಲ್‌ನಲ್ಲಿ ಹಾಕಿದರೂ, ಇಮೇಲ್ ಮಾಡಿದರೂ ತಲುಪಿಸಿದ ಹಾಗೆ. ಆ ಹುಡುಗ ಅಂಗಡಿ ಮುಚ್ಚಿ ಬೆಂಗಳೂರಿಗೆ ದುಡಿಯಲು ಹೋದರೆ ನೋಟೀಸು, ಆದೇಶ, ಮೂರು ತಿಂಗಳ ವಾಯಿದೆ ಎಲ್ಲವೂ ನಮಗೆ ಗೊತ್ತಾಗದೆ ಮುಗಿದಿರುತ್ತವೆ. ಗೊತ್ತಾಗುವುದು ಬ್ಯಾಂಕಿನಲ್ಲಿ ಹಣ ತೆಗೆಯಲು ಹೋದ ದಿನ. ಇವತ್ತೇ ಮಕ್ಕಳಿಗೆ ಹೇಳಿ, ಪೋರ್ಟಲ್‌ನಲ್ಲಿ ಮನೆಯ ಸಂಖ್ಯೆಯೇ ಇದೆಯೋ ನೋಡಿಸಿ. ನೋಟೀಸುಗಳು ಪೋರ್ಟಲ್‌ನಲ್ಲಿ ಒಂದೇ ಜಾಗದಲ್ಲಿ ಇರುವುದಿಲ್ಲ, ಹೆಚ್ಚುವರಿ ನೋಟೀಸು ಎಂಬ ಬೇರೊಂದು ಪುಟವನ್ನೂ ತೆರೆದು ನೋಡಬೇಕು.

ವ್ಯಾಪಾರವೇ ಮಾಡದವರಿಗೂ ಕೆಲವೊಮ್ಮೆ ಇಂಥ ಕಾಗದ ಬರುತ್ತದೆ. ಸಾಲ ಕೊಡಿಸುತ್ತೇನೆಂದು ಆಧಾರ್, ಪ್ಯಾನ್ ಪಡೆದು ಕೂಲಿಕಾರರ ಹೆಸರಲ್ಲಿ ಸುಳ್ಳು ಕಂಪನಿ ತೆರೆಯುವವರು ಇದ್ದಾರೆ. ಅಂಥಲ್ಲಿ ಲೆಕ್ಕ ಬರೆಯುವವರಿಂದ ಏನೂ ಆಗದು. ಪೊಲೀಸ್ ದೂರು, ಇಲಾಖೆಗೆ ಲಿಖಿತ ದೂರು, ಜೊತೆಗೆ ವಕೀಲರು ಬೇಕು.

ದಲ್ಲಾಳಿಗಳನ್ನು ಗುರುತಿಸುವುದು ಕಷ್ಟವಲ್ಲ. ವಕೀಲರಿಗಾಗಲಿ ಸಿ.ಎ.ಗಳಿಗಾಗಲಿ ಅಂಗಡಿ ಅಂಗಡಿ ತಿರುಗಿ ಗಿರಾಕಿ ಹಿಡಿಯಲು ಅವರ ಸ್ವಂತ ಸಂಸ್ಥೆಗಳ ನಿಯಮವೇ ಬಿಡುವುದಿಲ್ಲ. "ಎಷ್ಟು ಉಳಿಸುತ್ತೇನೋ ಅದರಲ್ಲಿ ಇಷ್ಟು ಪಾಲು" ಎಂಬ ಫೀಯನ್ನೂ ವಕೀಲರಿಗೆ ನಿಷೇಧಿಸಿದ್ದಾರೆ, ಸಿ.ಎ.ಗಳಿಗೂ ಸಾಮಾನ್ಯವಾಗಿ ನಿಷೇಧವೇ. ಹೀಗಿರುವಾಗ ತಾನಾಗಿಯೇ ಬಾಗಿಲಿಗೆ ಬಂದು ಪಾಲು ಕೇಳುವವನು ಯಾರು ಎಂದು ನೀವೇ ಯೋಚಿಸಿ. "ಸಾಹೇಬರಿಗೆ ಕೊಟ್ಟು ಅರ್ಧಕ್ಕೆ ಮುಗಿಸುತ್ತೇನೆ" ಎಂಬುದು ಲಂಚ. ಕೊಟ್ಟವರನ್ನೂ ತೆಗೆದುಕೊಂಡವರನ್ನೂ ಪ್ರವಾದಿ(ಸ) ಶಪಿಸಿದ್ದಾರೆ ಎಂದು ಹದೀಸಿನಲ್ಲಿದೆ. ಅದಿರಲಿ, ಲೆಕ್ಕದ ದೃಷ್ಟಿಯಿಂದಲೂ ಅದು ಸುಳ್ಳು. ಬರಬೇಕಾದ ತೆರಿಗೆಯನ್ನು ಚೌಕಾಶಿ ಮಾಡಿ ಕಡಿಮೆ ಮಾಡುವ ಅಧಿಕಾರ ಅಧಿಕಾರಿಗೆ ಇಲ್ಲ. ಮನ್ನಾ ಬರುವುದಾದರೆ ಸರಕಾರವೇ ಎಲ್ಲರಿಗೂ ಬಹಿರಂಗವಾಗಿ ಕೊಡುತ್ತದೆ. ಹಳೆಯ ವ್ಯಾಟ್ ಬಾಕಿಗೆ ಬಂದಿದ್ದ ಕರಸಮಾಧಾನ ಯೋಜನೆ ಅಂಥದ್ದು. ಜಿಎಸ್‌ಟಿಯ ಮೊದಲ ಮೂರು ವರ್ಷಗಳ ಬಾಕಿಗೆ, 2025ರ ಮಾರ್ಚ್ 31ರೊಳಗೆ ತೆರಿಗೆ ಪೂರ್ತಿ ಕಟ್ಟಿದರೆ ಬಡ್ಡಿ, ದಂಡ ಬಿಟ್ಟದ್ದೂ ಅಂಥದ್ದು. ನೂರಕ್ಕೆ 1ರಂತೆ ಕಟ್ಟುವ ಕಾಂಪೋಸಿಷನ್ ಸೌಲಭ್ಯ ಒಂದೂವರೆ ಕೋಟಿ ವಹಿವಾಟಿನವರೆಗಿನ ಅಂಗಡಿಗೆ ಒಳ್ಳೆಯದು. ಆದರೆ ಅದು ನೋಂದಣಿಯಾದ ಮೇಲಿನ ವ್ಯಾಪಾರಕ್ಕೆ. ಹಿಂದಿನ ವರ್ಷಗಳಿಗೂ ಹಚ್ಚಿಸಿಕೊಡುತ್ತೇನೆ ಎಂದವನನ್ನು ನಂಬಬೇಡಿ.

ಇನ್ನೊಂದು. ತೆರಿಗೆಯ ಹಣ ಯಾರ ಕೈಗೂ ನಗದಾಗಿ ಕೊಡಬೇಡಿ. ಅದು ನಿಮ್ಮದೇ ಹೆಸರಿನ ಚಲನ್ ಮೂಲಕ ಸರಕಾರಕ್ಕೆ ಹೋಗಬೇಕು, ಚಲನ್ ನಿಮ್ಮ ಕೈಯಲ್ಲಿರಬೇಕು. ಫೀ ಬೇರೆ, ತೆರಿಗೆ ಬೇರೆ. ಫೀ ಎಷ್ಟು, ಯಾವ ಕೆಲಸಕ್ಕೆ ಎಂಬುದನ್ನು ಚೀಟಿಯಲ್ಲಾದರೂ ಬರೆಸಿಕೊಳ್ಳಿ. ಕುರ್‌ಆನಿನ ಅತಿ ಉದ್ದದ ಆಯತ್ ಇರುವುದೇ ಕೊಡುಕೊಳ್ಳುವುದನ್ನು ಬರೆದಿಡುವ ಬಗ್ಗೆ.

ಲೆಕ್ಕ ಹಾಕಿದ ಮೇಲೆ ಬಾಕಿ ನಿಜವೇ ಎಂದು ತಿಳಿದರೆ? ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಇದ್ದರೆ 20 ಲಕ್ಷ ದಾಟಿದ ಮೇಲೆ ನೋಂದಣಿ ಕಡ್ಡಾಯ. ಈ ಮಿತಿಗೆ ತೆರಿಗೆ ಇಲ್ಲದ ಮಾಲಿನ ಮಾರಾಟವನ್ನೂ ಸೇರಿಸುತ್ತಾರೆ, ತೆರಿಗೆ ಮಾತ್ರ ತೆರಿಗೆಯ ಮಾಲಿಗೇ ಬೀಳುತ್ತದೆ. ಕಿರಾಣಿಯವರು ಇದನ್ನು ಗಮನಿಸಬೇಕು. ಮಿತಿ ದಾಟಿದ್ದು ನಿಜವಾದರೆ ಬೇಗ ಕಟ್ಟಿದಷ್ಟೂ ಕಡಿಮೆ. ಬಡ್ಡಿ ವರ್ಷಕ್ಕೆ ನೂರಕ್ಕೆ 18ರಂತೆ ಏರುತ್ತದೆ. ವಂಚನೆಯ ಆರೋಪ ಇಲ್ಲದಿದ್ದರೆ, ಕಾರಣ ಕೇಳುವ ನೋಟೀಸು ಬಂದ 30 ದಿನಗಳೊಳಗೆ, 2024-25ರಿಂದೀಚಿನ ವರ್ಷಗಳಿಗೆ 60 ದಿನಗಳೊಳಗೆ, ತೆರಿಗೆ ಮತ್ತು ಬಡ್ಡಿ ಕಟ್ಟಿದರೆ ಸಾಮಾನ್ಯವಾಗಿ ದಂಡ ಬೀಳುವುದಿಲ್ಲ. ಒಮ್ಮೆಲೇ ಕಟ್ಟಲಾಗದಿದ್ದರೆ ಡಿಆರ್‌ಸಿ-20 ಅರ್ಜಿ ಹಾಕಿ 24 ತಿಂಗಳವರೆಗೆ ಕಂತು ಕೇಳಬಹುದು. ಒಂದು ಕಂತು ತಪ್ಪಿದರೂ ಉಳಿದದ್ದೆಲ್ಲ ಒಟ್ಟಿಗೆ ಕೇಳುತ್ತಾರೆ. ನಾವೇ ರಿಟರ್ನ್‌ನಲ್ಲಿ ತೋರಿಸಿ ಕಟ್ಟದೆ ಬಿಟ್ಟ ತೆರಿಗೆಗೆ ಈ ಕಂತು ಸಿಗದು. ಕಂತಿನ ವಿಷಯವನ್ನೇ ಎತ್ತದೆ ಹೆಂಡತಿಯ ಬಂಗಾರ ಒತ್ತೆ ಇಡಿಸುವ ಸಲಹೆಗಾರರಿಂದ ದೂರ ಇರಿ.

ಫೀ ಕೊಡಲಾಗದವರು ಬೀಳಗಿಯ ನ್ಯಾಯಾಲಯದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬೇಕು. ಫೋನು ಮಾಡುವುದಾದರೆ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಅಂಗಡಿ ತಾಯಿಯ ಅಥವಾ ಪತ್ನಿಯ ಹೆಸರಲ್ಲಿದ್ದರೆ ನೋಟೀಸು ಅವರ ಹೆಸರಿಗೇ ಬರುವುದು, ಅವರೇ ಹೋಗಿ ಕೇಳಬಹುದು. ಸಾಲದಲ್ಲಿ ಸಿಕ್ಕಿಕೊಂಡು ಕೈಯಲ್ಲಿ ಏನೂ ಇಲ್ಲದವರು ಝಕಾತ್‌ಗೆ ಅರ್ಹರ ಎಂಟು ವರ್ಗಗಳಲ್ಲಿ ಒಬ್ಬರು ಎಂಬುದನ್ನು ಜಮಾಅತಿನ ಹಿರಿಯರು ಮರೆಯಬಾರದು. ಕೇಳಲು ನಾಚುವವರನ್ನು ಗುಟ್ಟಾಗಿ ವಿಚಾರಿಸಿ. ನೋಟೀಸನ್ನು ಗಾದಿಯ ಕೆಳಗೆ ಬಚ್ಚಿಟ್ಟು ಮನೆಯವರಿಗೂ ಹೇಳದೆ ಕೊರಗುವವರು ನಮ್ಮ ಸಫ್‌ನಲ್ಲೇ ನಿಂತಿರಬಹುದು.

ಸಲಹೆಗಾರರ ಬಳಿ ಮೊದಲ ಸಲ ಹೋಗುವಾಗ ನೋಟೀಸಿನ ಎಲ್ಲ ಪುಟ, ಆ ವರ್ಷಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಿಕ್ಕಷ್ಟು ಖರೀದಿ ಬಿಲ್ಲು, ಉದ್ರಿ ಪುಸ್ತಕ ತೆಗೆದುಕೊಂಡು ಹೋಗಿ. ಉದ್ರಿ ಪುಸ್ತಕ ಬೇಡ ಎನ್ನಬೇಡಿ, ಏನು ಮಾರಿದಿರಿ ಎಂಬುದಕ್ಕೆ ಅದೇ ಸಾಕ್ಷಿ ಆಗಬಹುದು. ಮುಖ್ಯವಾಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಮ್ಮ ಮನೆಗಳಲ್ಲಿ ಅಣ್ಣತಮ್ಮಂದಿರ ಮೂರು ಅಂಗಡಿಗೂ ಒಬ್ಬನದೇ ಫೋನ್‌ಪೇ ಸ್ಕ್ಯಾನರ್ ಇಟ್ಟಿರುತ್ತಾರೆ, ಮೂವರ ವ್ಯಾಪಾರವೂ ಒಬ್ಬನ ಪ್ಯಾನ್ ಮೇಲೆ ಬೀಳುತ್ತದೆ. ಚೀಟಿ ಹಣ, ಕೈಗಡ, ಮದುವೆಗೆ ಮಾವನವರು ಹಾಕಿದ ಹಣ ಎಲ್ಲ ಅದೇ ಖಾತೆಗೆ ಬಂದಿರುತ್ತದೆ. ಇವು ಮಾರಾಟವಲ್ಲ, ಆದರೆ ಒಂದೊಂದನ್ನೂ ಗುರುತು ಹಾಕಿ ತೋರಿಸಬೇಕು. ಆ ಕೆಲಸ ಸಿ.ಎ. ಒಬ್ಬರಿಂದ ಆಗದು. ಮನೆಯವರೆಲ್ಲ ಇಶಾ ಆದ ಮೇಲೆ ಒಂದೆರಡು ರಾತ್ರಿ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಕುಳಿತು ಪೆನ್ಸಿಲ್ಲಿನಿಂದ ಗುರುತು ಮಾಡಿ, ಬಳಿಕ ಬಸ್ ಹತ್ತಿ.