ಪಾಠ ಮುಗಿದ ಮೇಲಿನ ಪಾಠ

ವರ್ಷದ ಕೊನೆಗೆ ಜಯನಗರ, ಬನಶಂಕರಿಗಳ ಪ್ರಾಥಮಿಕ ಶಾಲೆಗಳಲ್ಲಿ ಹಾಡು, ನಾಟಕ, ಬೀಳ್ಕೊಡುಗೆಗಳ ಸಡಗರ. ಮನೆಯಲ್ಲಿ ತಮಿಳು, ತೆಲುಗು ಆಡುವ ಮಗು ಕನ್ನಡದಲ್ಲಿ ರಾಜನಾಗಿ ಗರ್ಜಿಸುತ್ತದೆ. ಕನ್ನಡದ ಮಗು ಇಂಗ್ಲಿಷಿನಲ್ಲಿ ಕಥೆ ಹೇಳುತ್ತದೆ. ಹೊಸ ಭಾಷೆ ನಾಲಗೆಗೆ ಒಗ್ಗಿತೇ ಎಂಬುದನ್ನು ಅಂಕಪಟ್ಟಿಗಿಂತ ಈ ಆಟವೇ ಚೆನ್ನಾಗಿ ತಿಳಿಸೀತು.

ಇಂಥ ಕಲಿಕೆಯ ಹೆಸರಾಂತ ಪ್ರಯೋಗ ನಡೆದುದು ಕೆನಡಾದ ಸೇಂಟ್ ಲ್ಯಾಂಬರ್ಟಿನಲ್ಲಿ. 1965ರಲ್ಲಿ ಅಲ್ಲಿನ ತಂದೆತಾಯಿಗಳು ಒತ್ತಾಯಿಸಿ, ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚಿನಲ್ಲಿಯೇ ಶಿಶುತರಗತಿ ತೆರೆಸಿದರು. ಎರಡನೆಯ ತರಗತಿಗೆ ಇಂಗ್ಲಿಷ್ ಪಾಠವೂ ಸೇರಿತು. ಮಕ್ಕಳು ಫ್ರೆಂಚ್ ಕಲಿತರು, ಮನೆಮಾತಿನಲ್ಲಿಯೂ ಹಿಂದುಳಿಯಲಿಲ್ಲ.

ಇಲ್ಲಿಯೋ, ಕನ್ನಡದ ಮಗುವೇ ಕನ್ನಡ ಓದಲು ತಡವರಿಸುವುದುಂಟು. ಕನ್ನಡ ಕಲಿಕೆಯನ್ನು ಕಡ್ಡಾಯಗೊಳಿಸಿದ 2015ರ ಕಾಯಿದೆಯೊಂದೇ ಇದಕ್ಕೆ ಸಾಲದು. ಬೇಸಿಗೆಯ ರಜೆಯಲ್ಲಿ ಮಗು ಶಾಲೆಯ ನಾಟಕವನ್ನು ಮನೆಮಾತಿನಲ್ಲಿ ಬರೆದು, ಅಜ್ಜಿಯ ಮುಂದೆ ಆಡಿ ತೋರಿಸಲಿ.